ಕೊನೆಯ ಸಾಲಿಗೆ ತಡವಾಗಿ ತಲುಪುವ ಜಿಗಿತ

ಒಬ್ಬನೇ ಕುಳಿತು ಗೇಮ್ ತಯಾರಿಸುವವನಿಗೆ ತನ್ನ ಕೆಲಸವನ್ನು ಬಾಯಿಬಿಟ್ಟು ವಿವರಿಸುವ ಪ್ರಸಂಗ ಬರುವುದೇ ಅಪರೂಪ. ನಾಲ್ಕು ವರ್ಷ ನಾನು ಒಂದು ಸಣ್ಣ ಜಿಗಿತದ ಗೇಮಿನ ಮೇಲೆ ಕೆಲಸ ಮಾಡಿದ್ದೆ. ಕೋಡ್ ನನ್ನದು, ಚಿತ್ರ ನನ್ನದು, ಸದ್ದು ನನ್ನದು. ಹೀಗಾಗಿ ಯಾವ ನಿರ್ಧಾರಕ್ಕೂ ಯಾರಿಗೂ ಕಾರಣ ಹೇಳಬೇಕಾಗಿ ಬಂದಿರಲಿಲ್ಲ. ಆ ಗೇಮ್ ಬಿಡುಗಡೆಯಾದ ಮೇಲೆ, ಬೇರೆ ದೇಶದಲ್ಲಿ ನಡೆಯುವ ಗೇಮ್ ಡೆವಲಪರ್‌ಗಳ ಸಮ್ಮೇಳನವೊಂದರಲ್ಲಿ ಅದರ ಕುರಿತು ಮಾತನಾಡಲು ಹೋಗಿಬಂದೆ. ಒಪ್ಪಿಗೆಯಾದ ಪ್ರಸ್ತಾವ ಬರೆದ ದಿನದಿಂದ ವೇದಿಕೆಯಿಂದ ಇಳಿದ ದಿನದವರೆಗೆ ಹೆಚ್ಚುಕಡಿಮೆ ಒಂಬತ್ತು ತಿಂಗಳು ಹಿಡಿದ ಆ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡ ವಿಷಯ ತೀರಾ ಚಿಕ್ಕದು: ನೂರು ಮಿಲಿಸೆಕೆಂಡ್. ಜಿಗಿತದ ಗೇಮುಗಳಲ್ಲಿ ಪಾತ್ರವು ಬಂಡೆಯ ಅಂಚನ್ನು ದಾಟಿದ ಮೇಲೂ ಅತಿ ಸ್ವಲ್ಪ ಹೊತ್ತು ಜಿಗಿಯಲು ಅವಕಾಶ ಕೊಡುವ ಪದ್ಧತಿಯೊಂದಿದೆ. ಆಟಗಾರನ ಬೆರಳು ತುಸು ತಡವಾದರೂ ಗೇಮ್ ಅದನ್ನು ಕಂಡೂ ಕಾಣದಂತೆ ಇದ್ದುಬಿಡುತ್ತದೆ. ಈ ಕಸುಬಿನವರು ಇದನ್ನು ಕಯೋಟಿ ಟೈಮ್ ಎನ್ನುತ್ತಾರೆ. ಕಾರ್ಟೂನಿನಲ್ಲಿ ಪ್ರಪಾತದ ಆಚೆಗೂ ಗಾಳಿಯಲ್ಲೇ ಓಡಿ, ಕೆಳಗೆ ನೋಡಿದ ಮೇಲಷ್ಟೇ ಬೀಳುವ ವೈಲ್ ಇ. ಕಯೋಟಿ ಎಂಬ ತೋಳದಂಥ ಪ್ರಾಣಿಯಿಂದ ಬಂದ ಹೆಸರು ಅದು. 2018ರಲ್ಲಿ ಬಂದ ಸೆಲೆಸ್ಟ್ ಎಂಬ ಗೇಮಿನ ತಯಾರಕರು ತಮ್ಮ ಪಾತ್ರದ ಚಲನೆಯ ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲಿ ಈ ರಿಯಾಯಿತಿ 0.1 ಸೆಕೆಂಡ್ ಎಂದಿದೆ. ನನ್ನ ಗೇಮಿನಲ್ಲೂ ಅಷ್ಟೇ ಇತ್ತು, ಆದರೆ ನಾನು ಅದನ್ನು ಸೆಕೆಂಡಿನಲ್ಲಿ ಬರೆಯದೆ ಫ್ರೇಮುಗಳಲ್ಲಿ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳ ಎಣಿಕೆಯಲ್ಲಿ, ಬರೆದಿದ್ದೆ. ಸೆಕೆಂಡಿಗೆ 60 ಫ್ರೇಮುಗಳ ಲೆಕ್ಕದಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, ಆರು ಫ್ರೇಮಿಗೆ ನೂರು. ಈ ಆರು ಎಂಬ ಅಂಕಿಯ ಕಥೆ ಮುಂದೆ ಬರುತ್ತದೆ.

ಮೊದಲ ವರ್ಷ ಕಳಿಸಿದ ಪ್ರಸ್ತಾವ ತಿರಸ್ಕೃತವಾಯಿತು. ಅದನ್ನು ಈಗ ಓದಿದರೆ ತಿರಸ್ಕರಿಸಿದವರ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಒಂದೂವರೆ ಪುಟದಲ್ಲಿ ನಾನು ನನ್ನ ಗೇಮನ್ನು ಹೊಗಳಿಕೊಂಡಿದ್ದೆನೇ ಹೊರತು, ಕೇಳಲು ಬಂದವರು ಎದ್ದು ಹೋಗುವಾಗ ಏನನ್ನು ಕೊಂಡೊಯ್ಯುತ್ತಾರೆ ಎಂಬುದನ್ನು ಎಲ್ಲಿಯೂ ಹೇಳಿರಲಿಲ್ಲ. ಎರಡನೆಯ ವರ್ಷ ಗೇಮಿನ ಹೆಸರನ್ನು ಒಂದೇ ಸಲ ಬರೆದೆ. ಉಳಿದದ್ದರಲ್ಲಿ ಮೂರು ಪ್ರಶ್ನೆಗಳನ್ನು ಇಟ್ಟೆ: ಬೆರಳು ಬಟನ್ನನ್ನು ಒತ್ತಿದ ಕ್ಷಣದಿಂದ ಪರದೆಯ ಮೇಲೆ ಪಾತ್ರ ಅಲುಗುವ ಕ್ಷಣದವರೆಗೆ ಎಷ್ಟು ಸಮಯ ಹೋಗುತ್ತದೆ, ಅದರಲ್ಲಿ ಡೆವಲಪರನ ಕೈಯಲ್ಲಿರುವುದು ಎಷ್ಟು, ಅವನ ಕೈಯಲ್ಲಿಲ್ಲದ ಭಾಗವನ್ನು ಆಟಗಾರನಿಗೆ ತಿಳಿಯದಂತೆ ತುಂಬಿಕೊಡುವುದು ಹೇಗೆ. ಇಪ್ಪತ್ತೈದು ನಿಮಿಷದ ಮಾತು, ಐದು ನಿಮಿಷದ ಪ್ರಶ್ನೋತ್ತರ ಎಂದು ಒಪ್ಪಿಗೆ ಬಂತು. ಸಮ್ಮೇಳನದ ಪಾಸ್ ಉಚಿತ, ಪ್ರಯಾಣದ ಖರ್ಚು ನನ್ನದೇ. ಈ ಕ್ಷೇತ್ರದ ಸಮ್ಮೇಳನಗಳಲ್ಲಿ ಇದು ಹೊಸದೇನಲ್ಲ. ಕಂಪನಿಯಲ್ಲಿ ಇರುವವನ ಟಿಕೆಟ್ಟನ್ನು ಕಂಪನಿ ಕೊಳ್ಳುತ್ತದೆ. ಒಂಟಿ ಡೆವಲಪರನ ಟಿಕೆಟ್ಟನ್ನು ಅವನ ಮುಂದಿನ ಗೇಮ್ ಕೊಳ್ಳುತ್ತದೆ.

ವೀಸಾ ಅರ್ಜಿಯಲ್ಲಿ ಉದ್ಯೋಗದಾತ ಯಾರು ಎಂಬ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದೆ. ಸಂಬಳದ ಚೀಟಿಗಳನ್ನು ಲಗತ್ತಿಸಿ ಎಂದಿದ್ದ ಜಾಗಕ್ಕೆ ಬ್ಯಾಂಕಿನ ವಿವರಪಟ್ಟಿ ಕೊಟ್ಟೆ. ಗೇಮ್ ಮಾರುವವನ ಆದಾಯ ರಿಯಾಯಿತಿ ಮಾರಾಟ ನಡೆದ ತಿಂಗಳಲ್ಲಿ ಒಮ್ಮೆಲೇ ಉಬ್ಬಿ, ಉಳಿದ ತಿಂಗಳುಗಳಲ್ಲಿ ನೆಲಕಚ್ಚುತ್ತದೆ. ಅರ್ಜಿಯನ್ನು ಪರಿಶೀಲಿಸುವವರ ಕಣ್ಣಿಗೆ ಅದು ಸಂಶಯಾಸ್ಪದವಾಗಿ ಕಾಣುವುದು ಸಹಜ. ಅದಕ್ಕೆಂದು ಯಾವ ಮೊತ್ತ ಯಾವ ಮಾರಾಟದಿಂದ ಬಂತು ಎಂಬ ಒಂದು ಪುಟದ ವಿವರಣೆಯನ್ನೂ ಜೊತೆಗಿಟ್ಟೆ. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ ಎಂದು ನನ್ನ ನಂಬಿಕೆ. ಆಹ್ವಾನ ಪತ್ರದಲ್ಲಿ ನನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರನ್ನು ತಿದ್ದಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು. ಇಷ್ಟನ್ನು ಬಿಟ್ಟರೆ ಆ ಭಾಗದಲ್ಲಿ ಹೇಳುವಂಥದ್ದು ಏನೂ ಇಲ್ಲ, ಕಾಯುವುದೊಂದೇ ಕೆಲಸ.

ಕಾಯುವ ಹೊತ್ತಿನಲ್ಲಿ ಮಾತನ್ನು ಬರೆದೆ. ನನ್ನ ಮೊದಲ ಕರಡಿನಲ್ಲಿ 61 ಸ್ಲೈಡುಗಳಿದ್ದವು. ಖಾಲಿ ಕೋಣೆಯಲ್ಲಿ ನಿಂತು ಹೇಳಿ ನೋಡಿದಾಗ ಇಪ್ಪತ್ತೈದು ನಿಮಿಷಕ್ಕೆ ಇನ್ನೂ ಅರ್ಧ ದಾರಿಯಲ್ಲೇ ಇದ್ದೆ. ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿದ್ದರಿಂದ ಇನ್ನೊಂದು ತೊಡಕೂ ಇತ್ತು. ಆ ಭಾಷೆಯಲ್ಲಿ ನಾನು ಓದುವ ವೇಗ ಬೇರೆ, ಯೋಚಿಸಿ ಮಾತನಾಡುವ ವೇಗ ಬೇರೆ. ಬಾಯಿಪಾಠ ಮಾಡಿದರೆ ಒಂದು ವಾಕ್ಯ ಮರೆತಾಗ ಮುಂದಿನ ಹತ್ತು ವಾಕ್ಯಗಳು ಜೊತೆಗೇ ಉರುಳುತ್ತವೆ ಎಂಬುದು ಎರಡನೆಯ ಅಭ್ಯಾಸದಲ್ಲೇ ತಿಳಿಯಿತು. ಆದ್ದರಿಂದ ಪ್ರತಿ ಸ್ಲೈಡಿನ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಮಾತ್ರ ಗಟ್ಟಿ ಮಾಡಿಕೊಂಡು, ನಡುವಿನದನ್ನು ಪ್ರತಿ ಸಲವೂ ಹೊಸದಾಗಿ ಹೇಳುವ ಕ್ರಮಕ್ಕೆ ಬಂದೆ. ಸ್ಲೈಡುಗಳು 34ಕ್ಕೆ ಇಳಿದವು. ಕತ್ತರಿಸಿ ಹಾಕಿದ್ದರಲ್ಲಿ ಹೆಚ್ಚಿನವು ನಾನು ಎಷ್ಟು ಕಷ್ಟಪಟ್ಟೆ ಎಂಬುದನ್ನು ತೋರಿಸುವ ಸ್ಲೈಡುಗಳೇ ಆಗಿದ್ದವು.

ಮಾತಿನ ನಡುವೆ ಇದ್ದದ್ದು ಒಂದು ಪ್ರಾತ್ಯಕ್ಷಿಕೆ. ಅಂಗೈಯಗಲದ ಡಬ್ಬಿಯೊಂದಕ್ಕೆ ದೊಡ್ಡ ಬಟನ್ ಒಂದನ್ನು ಜೋಡಿಸಿ, ಅದನ್ನು ಒತ್ತಿದ ಕೂಡಲೇ ಹತ್ತುವ ಎಲ್‌ಇಡಿ ದೀಪವೊಂದನ್ನು ಅದರ ಮೇಲೆ ಕೂರಿಸಿದ್ದೆ. ದೀಪಕ್ಕೂ ಕಂಪ್ಯೂಟರಿಗೂ ಸಂಬಂಧವಿಲ್ಲ. ಬಟನ್ನಿನ ವಿದ್ಯುತ್ತೇ ನೇರವಾಗಿ ಅದನ್ನು ಹತ್ತಿಸುತ್ತದೆ. ದೀಪವೂ ಪರದೆಯೂ ಒಟ್ಟಿಗೆ ಕಾಣುವಂತೆ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮುಗಳ ವೇಗದಲ್ಲಿ ಚಿತ್ರೀಕರಿಸಿದರೆ, ದೀಪ ಹತ್ತಿದ ಫ್ರೇಮಿನಿಂದ ಪಾತ್ರ ಅಲುಗಿದ ಫ್ರೇಮಿನವರೆಗೆ ಎಣಿಸಿ ವಿಳಂಬವನ್ನು ಅಳೆಯಬಹುದು. ಒಂದೊಂದು ಫ್ರೇಮೂ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ನನ್ನ ಲ್ಯಾಪ್‌ಟಾಪಿನಲ್ಲಿ 15 ಫ್ರೇಮ್, ಅಂದರೆ ಸುಮಾರು 62 ಮಿಲಿಸೆಕೆಂಡ್ ಬರುತ್ತಿತ್ತು. ಆ ಡಬ್ಬಿಯನ್ನು ವೇದಿಕೆಯ ಮೇಲೆ ಹಿಡಿದು, ರಿಯಾಯಿತಿ ಇರುವ ಜಿಗಿತವನ್ನೂ ಇಲ್ಲದ ಜಿಗಿತವನ್ನೂ ಎಲ್ಲರ ಕಣ್ಣೆದುರೇ ಆಡಿ ತೋರಿಸುವುದು ನನ್ನ ಯೋಜನೆ.

ತಂತಿ, ಬಟನ್, ಬ್ಯಾಟರಿ ಇರುವ, ಕೈಯಿಂದ ಮಾಡಿದ ಡಬ್ಬಿಯನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವುದು ಜಾಣತನವಲ್ಲ ಎಂದು ಈಗ ಅನ್ನಿಸುತ್ತದೆ. ಬಿಡಿ ಲೀಥಿಯಂ ಬ್ಯಾಟರಿಗಳೂ ಪವರ್ ಬ್ಯಾಂಕುಗಳೂ ಕೈಚೀಲದಲ್ಲೇ ಇರಬೇಕು, ಸರಕಿನ ಚೀಲದಲ್ಲಿ ಹಾಕುವಂತಿಲ್ಲ ಎಂಬುದೂ, ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್‌ಅವರ್ ಎಂಬುದೂ ನನಗೆ ಗೊತ್ತಿತ್ತು. ನನ್ನ 20,000 ಮಿಲಿಆಂಪ್ ಅವರ್‌ನ ಪವರ್ ಬ್ಯಾಂಕ್ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್‌ಅವರ್ ಆಗುತ್ತದೆ ಎಂದು ಗುಣಿಸಿಯೂ ಇಟ್ಟುಕೊಂಡಿದ್ದೆ. ಲೆಕ್ಕವನ್ನು ಯಾರೂ ಕೇಳಲಿಲ್ಲ. ತಪಾಸಣೆಯವರು ಕೇಳಿದ್ದು ಡಬ್ಬಿಯ ಬಗ್ಗೆ. ಗೇಮ್, ವಿಳಂಬ, ಉಪನ್ಯಾಸ ಎಂದೆಲ್ಲ ವಿವರಿಸುತ್ತಾ ಹೋದಷ್ಟೂ ಅವರ ಮುಖ ಬಿಗಿಯಾಗುತ್ತಾ ಹೋಯಿತು. ಕೊನೆಗೆ ಡಬ್ಬಿಯ ತಿರುಪುಗಳನ್ನು ಬಿಚ್ಚಿ ಒಳಗನ್ನು ತೋರಿಸಿ, ಬಟನ್ ಒತ್ತಿ ದೀಪ ಹತ್ತಿಸಿದೆ. ಅಧಿಕಾರಿ ತಾನೂ ಎರಡು ಸಲ ಒತ್ತಿ ನೋಡಿ, ಇಷ್ಟಕ್ಕೇನಾ ಎಂಬಂತೆ ತಲೆಯಾಡಿಸಿ ಕಳಿಸಿಕೊಟ್ಟರು. ಇಂಥ ವಸ್ತುವನ್ನು ಒಯ್ಯುವವರು ಪಾರದರ್ಶಕ ಡಬ್ಬಿಯಲ್ಲಿ ಒಯ್ಯುವುದು ಒಳ್ಳೆಯದು. ಒಳಗಿರುವುದು ಕಂಡರೆ ವಿವರಣೆ ಅರ್ಧ ತಗ್ಗುತ್ತದೆ.

ಉಪನ್ಯಾಸಕ್ಕೆ ಎರಡು ದಿನ ಮೊದಲೇ ತಲುಪಿದ್ದೆ. ನಾಲ್ಕೂವರೆ ಗಂಟೆಯ ಸಮಯ ವ್ಯತ್ಯಾಸ ದೊಡ್ಡದಲ್ಲವಾದರೂ ಮೊದಲ ರಾತ್ರಿ ಎರಡು ಗಂಟೆಗೇ ಎಚ್ಚರವಾಗಿ, ಬೆಳಗಾಗುವವರೆಗೆ ಸ್ಲೈಡುಗಳ ಅಂಚುಗಳನ್ನು ಅತ್ತಿತ್ತ ಸರಿಸುತ್ತಾ ಕುಳಿತಿದ್ದೆ. ಆ ಅಕಾಲದ ಎಚ್ಚರ ಮರುದಿನ ನನ್ನನ್ನು ಉಳಿಸಲಿತ್ತು ಎಂಬುದು ಆಗ ತಿಳಿದಿರಲಿಲ್ಲ.

ಮಾತಿನ ಹಿಂದಿನ ದಿನ ಮಧ್ಯಾಹ್ನ ತಾಂತ್ರಿಕ ಪರೀಕ್ಷೆಗೆಂದು ನನಗೆ ಹದಿನೈದು ನಿಮಿಷ ಕೊಟ್ಟಿದ್ದರು. ಸಭಾಂಗಣವು ಸುಮಾರು 30 ಮೀಟರ್ ಉದ್ದವಿದ್ದು, ನೂರಾರು ಕುರ್ಚಿಗಳಿಂದ ತುಂಬಿತ್ತು. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಗೇಮ್ ತೆರೆದೆ. ಪಾತ್ರ ಓಡತೊಡಗಿತು, ಆದರೆ ನೀರಿನೊಳಗೆ ಓಡಿದ ಹಾಗೆ. ಮೊದಲು ಅದು ನನ್ನ ಆತಂಕದ ಭ್ರಮೆ ಎಂದುಕೊಂಡೆ. ಆಮೇಲೆ ಹಿನ್ನೆಲೆಯ ಸಂಗೀತ ಮುಗಿಯುವ ಹೊತ್ತಿಗೆ ತಲುಪಿರಬೇಕಾದ ಸೇತುವೆ ಇನ್ನೂ ದೂರದಲ್ಲಿರುವುದು ಕಣ್ಣಿಗೆ ಬಿತ್ತು.

ತಂತ್ರಜ್ಞರು ಶಾಂತವಾಗಿ ಕಾರಣ ಹೇಳಿದರು. ಆ ಸಭಾಂಗಣದ ಇಡೀ ವಿಡಿಯೊ ವ್ಯವಸ್ಥೆ, ಅಂದರೆ ಕ್ಯಾಮೆರಾ, ಯಾವ ಚಿತ್ರ ಪರದೆಗೆ ಹೋಗಬೇಕೆಂದು ಆರಿಸುವ ಸ್ವಿಚರ್, ಪ್ರೊಜೆಕ್ಟರ್ ಎಲ್ಲವೂ, ಸೆಕೆಂಡಿಗೆ 50 ಫ್ರೇಮುಗಳ ಮೇಲೆ ನಡೆಯುತ್ತಿತ್ತು. ನನ್ನ ಲ್ಯಾಪ್‌ಟಾಪ್ ಮರುಮಾತಿಲ್ಲದೆ ತಾನೂ 50ಕ್ಕೆ ಇಳಿದಿತ್ತು. ಅಲ್ಲಿಯವರೆಗೆ ಅದು ಅವರ ವ್ಯವಸ್ಥೆಯ ವಿಷಯ. ಅಲ್ಲಿಂದ ಮುಂದೆ ನನ್ನ ಸೋಮಾರಿತನದ ವಿಷಯ. ಗೇಮಿನ ವೇಗ 60ನ್ನು ಮೀರದಂತೆ ಮೇಲೊಂದು ಮಿತಿ ಹಾಕಿದ್ದೆನಾದರೂ, ಪರದೆ ಅದಕ್ಕಿಂತ ನಿಧಾನವಾದರೆ ಏನಾಗಬೇಕೆಂದು ಯೋಚಿಸಿಯೇ ಇರಲಿಲ್ಲ. ಗೇಮಿನ ತರ್ಕ, ಅಂದರೆ ಪಾತ್ರ ಯಾವಾಗ ಎಷ್ಟು ಚಲಿಸಬೇಕೆಂಬ ಲೆಕ್ಕ, ಪರದೆಯ ಒಂದೊಂದು ಫ್ರೇಮಿಗೂ ಗಂಟು ಹಾಕಿಕೊಂಡಿತ್ತು. ಹೀಗಾಗಿ 60 ಸೆಕೆಂಡಿನಲ್ಲಿ ಮುಗಿಯಬೇಕಾದ ಓಟಕ್ಕೆ ಅಲ್ಲಿ 72 ಸೆಕೆಂಡ್ ಬೇಕಾಗುತ್ತಿತ್ತು, ಆರು ಫ್ರೇಮುಗಳ ರಿಯಾಯಿತಿ ನೂರರ ಬದಲು 120 ಮಿಲಿಸೆಕೆಂಡ್ ಆಗುತ್ತಿತ್ತು. ಇದು ಹಳೆಯ ರೋಗ. ವಿದ್ಯುತ್ತೂ ದೂರದರ್ಶನವೂ 50 ಹರ್ಟ್ಸ್ ಮೇಲೆ ನಡೆಯುವ ಯುರೋಪಿನಲ್ಲಿ 1991ರ ಸೋನಿಕ್ ಗೇಮ್ ಜಪಾನ್, ಅಮೆರಿಕಗಳಿಗಿಂತ ಇದೇ ಕಾರಣಕ್ಕೆ ನಿಧಾನವಾಗಿ ಓಡುತ್ತಿತ್ತು. ಸರಿಪಡಿಸುವ ವಿಧಾನವೂ ಹಳೆಯದೇ. ಅದನ್ನೆಲ್ಲ ಓದಿ ತಿಳಿದಿದ್ದವನು ಅದೇ ಹಳ್ಳಕ್ಕೆ, ಅದೂ ಸಮಯದ ಬಗ್ಗೆಯೇ ಉಪನ್ಯಾಸ ಕೊಡಲು ಬಂದಾಗ ಬಿದ್ದೆ.

ವೇಗದ ತೊಂದರೆ ಹೀಗಾದರೆ, ವಿಳಂಬದ್ದು ಇನ್ನೊಂದು. ಉಳಿದ ಎಂಟು ನಿಮಿಷದಲ್ಲಿ ಡಬ್ಬಿಯನ್ನು ಹೊರತೆಗೆದು, ಈ ಸಲ ಫೋನಿನಲ್ಲಿ ದೀಪದ ಜೊತೆ ಸಭಾಂಗಣದ ದೊಡ್ಡ ಪರದೆಯನ್ನು ಚಿತ್ರೀಕರಿಸಿದೆ. 45 ಫ್ರೇಮ್ ಬಂತು, ಅಂದರೆ ಸುಮಾರು 187 ಮಿಲಿಸೆಕೆಂಡ್. ಲ್ಯಾಪ್‌ಟಾಪಿನಿಂದ ಹೊರಟ ಚಿತ್ರ ಸ್ವಿಚರಿನಲ್ಲಿ ಒಂದೆರಡು ಫ್ರೇಮ್ ನಿಂತು, ಅಳತೆ ಹೊಂದಿಸುವ ಯಂತ್ರದಲ್ಲಿ ಇನ್ನಷ್ಟು ನಿಂತು, ಪ್ರೊಜೆಕ್ಟರಿನ ಒಳಗೆ ಮತ್ತೂ ನಿಂತು ಪರದೆಗೆ ಬರುತ್ತಿತ್ತು. ನಾನು ತೋರಿಸಲು ಹೊರಟಿದ್ದದ್ದು ನೂರು ಮಿಲಿಸೆಕೆಂಡಿನ ಸೂಕ್ಷ್ಮ. ಲ್ಯಾಪ್‌ಟಾಪಿನ 62ನ್ನು ಕಳೆದರೆ ಆ ಕೋಣೆಯೇ ನೂರಾ ಇಪ್ಪತ್ತೈದನ್ನು ನುಂಗುತ್ತಿತ್ತು. ಪಿಸುಮಾತಿನ ಬಗ್ಗೆ ಮಾತನಾಡಲು ಗಿರಣಿಯೊಳಗೆ ನಿಂತ ಹಾಗಾಯಿತು.

ಸದ್ದಿನ ಸಂಗತಿ ಮಾತ್ರ ನನಗೆ ಇಂದಿಗೂ ಮೆಚ್ಚುಗೆಯ ವಿಷಯವಾಗಿ ಉಳಿದಿದೆ. ಗೇಮಿನ ಸದ್ದನ್ನು ಬೇರೆ ತಂತಿಯಲ್ಲಿ ನೇರವಾಗಿ ಧ್ವನಿವರ್ಧಕಕ್ಕೆ ಕೊಟ್ಟಿದ್ದರಿಂದ ಅದು ಎಲ್ಲಿಯೂ ನಿಲ್ಲದೆ ಹೊರಡುತ್ತಿತ್ತು. ಚಿತ್ರ ಬರುವ ಮೊದಲೇ ಜಿಗಿತದ ಸದ್ದು ಕೇಳಿಬಿಡುತ್ತಿತ್ತು. ಮೊದಲ ಸಾಲಿನಲ್ಲಿ ಕುಳಿತು ನೋಡಿದರೆ ಅಸಹ್ಯವಾಗಿತ್ತು. ಕೊನೆಯ ಸಾಲಿಗೆ ನಡೆದುಹೋಗಿ ನೋಡಿದರೆ ಬಹುಮಟ್ಟಿಗೆ ಸರಿಯಾಗಿತ್ತು! ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಧ್ವನಿವರ್ಧಕಗಳು ವೇದಿಕೆಯ ಬದಿಯಲ್ಲಿ ಮಾತ್ರ ಇದ್ದುದರಿಂದ 30 ಮೀಟರ್ ದೂರದ ಕುರ್ಚಿಗೆ ಸದ್ದು 87 ಮಿಲಿಸೆಕೆಂಡ್ ತಡವಾಗಿ ತಲುಪುತ್ತಿತ್ತು, ಆ ಹೊತ್ತಿಗೆ ಚಿತ್ರವೂ ಹೆಚ್ಚುಕಡಿಮೆ ಬಂದಿರುತ್ತಿತ್ತು. ತಂತ್ರಜ್ಞರು ಸದ್ದನ್ನು ಬೇಕೆಂದೇ ತಡ ಮಾಡಬಲ್ಲೆವು, ಆದರೆ ಯಾವ ಕುರ್ಚಿಗೆ ಹೊಂದಿಸಬೇಕು ಎಂದು ಕೇಳಿದರು. ನಡುವಿನ ಸಾಲಿಗೆ ಎಂದೆ. 15 ಮೀಟರಿಗೆ 44 ಮಿಲಿಸೆಕೆಂಡ್ ದಾರಿಯಲ್ಲೇ ಹೋಗುವುದರಿಂದ ಇನ್ನು 80 ಸೇರಿಸಿದರು. ಹಾಗೆ ಮಾಡಿದಾಗ ಹಿಂದಿನವರಿಗೆ ಸದ್ದು 40 ಮಿಲಿಸೆಕೆಂಡಿನಷ್ಟು ತಡವಾಗುತ್ತದೆ, ಅದು ಪರವಾಗಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮೊದಲು ಬಂದರೇ ಜನರಿಗೆ ತಿಳಿಯತೊಡಗುತ್ತದೆ, ತಡವಾಗಿ ಬಂದರೆ 125ರವರೆಗೂ ತಿಳಿಯುವುದಿಲ್ಲ. ಮಿಂಚಿನ ಹಿಂದೆ ಗುಡುಗು ಬರುವುದನ್ನು ಕೇಳಿ ಬೆಳೆದ ಕಿವಿಗೆ ಅದೇ ಸಹಜ.

1988ರಲ್ಲಿ ಕ್ರಿಸ್ ಕ್ರಾಫರ್ಡ್ ಎಂಬ ಗೇಮ್ ವಿನ್ಯಾಸಕಾರರು ಅಮೆರಿಕದ ಸ್ಯಾನ್ ಹೋಸೆಯ ತಮ್ಮ ಮನೆಯ ಹಜಾರದಲ್ಲಿ ಇಪ್ಪತ್ತೇಳರಷ್ಟು ಜನರನ್ನು ಕೂಡಿಸಿ ನಡೆಸಿದ ಸಭೆಯೇ ಮುಂದೆ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಆಗಿ ಬೆಳೆಯಿತು. ಆ ಸಂಜೆ ಕೋಣೆಗೆ ಮರಳುತ್ತಾ ಆ ಹಜಾರದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಮನೆಯ ಹಜಾರದಲ್ಲಿ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಹತ್ತು ಮಿಲಿಸೆಕೆಂಡಿನ ಅಂತರವೂ ಇರಲಾರದು.

ರಾತ್ರಿ ಎರಡಕ್ಕೆ ಎಂದಿನಂತೆ ಎಚ್ಚರವಾಯಿತು. ಗೇಮಿನ ತರ್ಕವನ್ನು ಪರದೆಯಿಂದ ಬಿಡಿಸುವ ಕೆಲಸವನ್ನು ಆ ಹೊತ್ತಿನಲ್ಲಿ ಮುಟ್ಟುವ ಧೈರ್ಯ ಬರಲಿಲ್ಲ. ಉಪನ್ಯಾಸದ ದಿನ ಬೆಳಗಿನ ಜಾವ ಬಿಲ್ಡನ್ನು, ಅಂದರೆ ಆಡಲು ಸಿದ್ಧಪಡಿಸಿದ ಗೇಮಿನ ಪ್ರತಿಯನ್ನು, ಬದಲಿಸಬಾರದು ಎಂಬ ಒಂದು ವಿವೇಕವಾದರೂ ನನ್ನಲ್ಲಿ ಉಳಿದಿತ್ತು. ಬದಲಿಗೆ ಪ್ರಾತ್ಯಕ್ಷಿಕೆಯನ್ನು ಬದಲಿಸಿದೆ. ಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಅದರ ಸ್ವಂತ 60ರ ವೇಗದಲ್ಲಿ ಓಡಿಸಿ, ಡಬ್ಬಿಯ ದೀಪವನ್ನು ಜೊತೆಗಿಟ್ಟು, ರಿಯಾಯಿತಿ ಇರುವ ಮತ್ತು ಇಲ್ಲದ ಜಿಗಿತಗಳನ್ನು ಫೋನಿನಲ್ಲಿ 240ರ ವೇಗದಲ್ಲಿ ಚಿತ್ರೀಕರಿಸಿದೆ. ಅದನ್ನು ಸೆಕೆಂಡಿಗೆ 25 ಫ್ರೇಮುಗಳಂತೆ ಹೊರತೆಗೆದರೆ ನೂರು ಮಿಲಿಸೆಕೆಂಡಿನ 24 ಫ್ರೇಮುಗಳು ಪರದೆಯ ಮೇಲೆ ಸರಿಸುಮಾರು ಒಂದು ಸೆಕೆಂಡ್ ಆಗುತ್ತವೆ. ಸಭಾಂಗಣದ 50 ಫ್ರೇಮುಗಳು 25ರಿಂದ ಸರಿಯಾಗಿ ಭಾಗವಾಗುವುದರಿಂದ ಚಿತ್ರದಲ್ಲಿ ಎಳೆದಾಟವೂ ಇಲ್ಲ. ಒಂದು ಸೆಕೆಂಡಿನಷ್ಟು ಹಿಗ್ಗಿದ ಘಟನೆಯನ್ನು 125 ಮಿಲಿಸೆಕೆಂಡ್ ತಡವಾಗಿ ತೋರಿಸಿದರೆ ಏನೂ ಕೆಡುವುದಿಲ್ಲ, ಮೊದಲ ಸಾಲಿಗೂ ಕೊನೆಯ ಸಾಲಿಗೂ ಅದು ಒಂದೇ. ಆಟಗಾರನ ಪರದೆ ಎಷ್ಟು ನಿಧಾನವೋ, ಅವನ ಬೆರಳು ಎಷ್ಟು ತಡವೋ ನಮಗೆ ತಿಳಿಯದಾದ್ದರಿಂದ ರಿಯಾಯಿತಿ ಕೊಡಬೇಕು ಎಂದು 34 ಸ್ಲೈಡುಗಳಲ್ಲಿ ವಾದಿಸುತ್ತಿದ್ದವನು, ನೋಡುಗರ ಕುರ್ಚಿ ಎಲ್ಲಿದೆ ಎಂಬುದನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮಾತು ಸಂಜೆ ನಾಲ್ಕಕ್ಕೆ. ಮೊದಲ ಎರಡು ನಿಮಿಷ ನನ್ನ ಇಂಗ್ಲಿಷ್ ನನಗೇ ಅಪರಿಚಿತವಾಗಿ ಕೇಳಿಸಿತು. ಮೂರನೆಯ ಸ್ಲೈಡಿನಲ್ಲಿ, ಕೊನೆಯ ಗಳಿಗೆಯಲ್ಲಿ ಸೇರಿಸಿದ ಒಂದು ಭಾಗವಿತ್ತು: ದೊಡ್ಡ ಪರದೆಯನ್ನೇ ನೋಡುತ್ತಾ ಗೇಮನ್ನು ನೇರವಾಗಿ ಆಡುವುದು. ಒಂದು ಸಲ ಹಳ್ಳಕ್ಕೆ ಬಿದ್ದು ತೋರಿಸುವುದು ಲೆಕ್ಕಾಚಾರವಾಗಿತ್ತು. ನಾಲ್ಕು ಸಲ ಬಿದ್ದೆ, ಅದರಲ್ಲಿ ಮೂರು ಲೆಕ್ಕಾಚಾರದ ಹೊರಗಿನವು. ಸಭಿಕರು ನಕ್ಕರು. ಆಗ ಡಬ್ಬಿಯನ್ನು ಎತ್ತಿ ಹಿಡಿದು ದೀಪವನ್ನೂ ಪರದೆಯನ್ನೂ ಒಟ್ಟಿಗೆ ನೋಡಿ ಎಂದೆ. 187 ಮಿಲಿಸೆಕೆಂಡ್ ಎಷ್ಟೆಂದು ಬರಿಗಣ್ಣಿಗೇ ಕಾಣುತ್ತಿತ್ತು. ಅಳತೆಯನ್ನು ವಿವರಿಸಲು ಇಟ್ಟಿದ್ದ ನಾಲ್ಕು ಸ್ಲೈಡುಗಳನ್ನು ಅಲ್ಲೇ ಬಿಟ್ಟು ಮುಂದೆ ಹೋದೆ. ನಿಧಾನಗತಿಯ ಚಿತ್ರ ಬಂದಾಗ ಸಭೆ ಸದ್ದಿಲ್ಲದೆ ನೋಡಿತು. ಪಾತ್ರದ ಕಾಲು ಬಂಡೆಯನ್ನು ಬಿಟ್ಟು ಗಾಳಿಯಲ್ಲಿ ನಿಂತೇ ಇದೆ, ದೀಪ ಇನ್ನೂ ಹತ್ತಿಲ್ಲ, ಕೊನೆಗೂ ಹತ್ತಿತು, ಪಾತ್ರ ಜಿಗಿಯಿತು. ಇಪ್ಪತ್ತಮೂರೂವರೆ ನಿಮಿಷಕ್ಕೆ ಮುಗಿಸಿದೆ.

ಪ್ರಶ್ನೆಗಳಲ್ಲಿ ಎರಡು ನೆನಪಿವೆ. ರಿಯಾಯಿತಿ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ, 200 ಮಿಲಿಸೆಕೆಂಡ್ ಏಕೆ ಕೊಡಬಾರದು ಎಂದು ಒಬ್ಬರು ಕೇಳಿದರು. ಕೊಟ್ಟು ನೋಡಿದ್ದೆ, ಆಗ ಕ್ಷಮೆ ಕಣ್ಣಿಗೆ ಕಾಣಿಸಿಕೊಂಡುಬಿಡುತ್ತದೆ, ಗಾಳಿಯನ್ನು ತುಳಿದು ಜಿಗಿದೆನೆಂದು ಆಟಗಾರನಿಗೇ ತಿಳಿಯುತ್ತದೆ, ಜಿಗಿತದ ಹೆಮ್ಮೆ ಹೋಗುತ್ತದೆ. ಇನ್ನೊಬ್ಬರು ಹಿಂದಿನ ಸಾಲಿನಿಂದ ಎದ್ದು, ಇಷ್ಟೆಲ್ಲ ತಿಳಿದವರು ಗೇಮಿನ ತರ್ಕವನ್ನು ಪರದೆಯ ಫ್ರೇಮಿಗೆ ಏಕೆ ಕಟ್ಟಿದಿರಿ ಎಂದು ಕೇಳಿದರು. ನಾಲ್ಕು ವರ್ಷದ ಹಿಂದೆ ಅದು ಸುಲಭವಾಗಿತ್ತು ಎಂಬುದನ್ನು ಬಿಟ್ಟು ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಆಮೇಲೆ ಹೊರಗಿನ ಮೊಗಸಾಲೆಯಲ್ಲಿ ಲ್ಯಾಪ್‌ಟಾಪನ್ನು ಮೇಜೊಂದರ ಮೇಲಿಟ್ಟು, ಯಾವುದು ಯಾವುದೆಂದು ಹೇಳದೆ ಎರಡು ಬಿಲ್ಡುಗಳನ್ನು ಆಡಲು ಕೊಟ್ಟೆ. ಹತ್ತಾರು ಜನ ಆಡಿದರು. ಒಂದರಲ್ಲಿ ರಿಯಾಯಿತಿ ಇದೆ ಎಂದು ಯಾರೂ ಹೇಳಲಿಲ್ಲ, ಅದರಲ್ಲಿ ಕಂಟ್ರೋಲರ್ ಚೆನ್ನಾಗಿದೆ ಎಂದರು. ಎರಡಕ್ಕೂ ಇದ್ದದ್ದು ಒಂದೇ ಕಂಟ್ರೋಲರ್.

ಹಿಂದಿರುಗುವ ವಿಮಾನದಲ್ಲಿ ತರ್ಕವನ್ನು ಪರದೆಯಿಂದ ಬಿಡಿಸುವ ಕೆಲಸವನ್ನು ಕೈಗೆತ್ತಿಕೊಂಡೆ. ಎಲ್ಲಕ್ಕಿಂತ ಮೊದಲು, ಆರು ಎಂದಿದ್ದಲ್ಲಿ 0.1 ಎಂದು ಬರೆದೆ. ಉಳಿದದ್ದಕ್ಕೆ ಮತ್ತೆ ಮೂರು ವಾರ ಹಿಡಿಯಿತು. ಈಗ ಗೇಮ್ 50ರ ಪರದೆಯಲ್ಲೂ 60ರ ಪರದೆಯಲ್ಲೂ ಒಂದೇ ವೇಗದಲ್ಲಿ ಓಡುತ್ತದೆ. ಮೂರನೆಯ ಹಂತದ ತೂಗುಸೇತುವೆ ಮಾತ್ರ 50ರಲ್ಲಿ ಇನ್ನೂ ಒಂದು ಪಿಕ್ಸೆಲ್ ನಡುಗುತ್ತದೆ.